ಏಣಿ ಜಾರುವ ಬಗ್ಗೆ: ಇಂಜಿನಿಯರಿಂಗ್ ಮಕ್ಕಳಿಗೆ ಯಾವ ಇಂಗ್ಲಿಷ್ ಕಲಿಸಬೇಕು?

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ಓದಿದವಳು. ಹೋದ ವರ್ಷ ಹಾವೇರಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನ ಕಮ್ಯುನಿಕೇಟಿವ್ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂದು ಸೆಕ್ಷನ್ನಿನಲ್ಲಿ 66 ಜನ, ಅರ್ಧಕ್ಕರ್ಧ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದವರು. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನವರು ಮ್ಯಾಥ್ಸ್ ಲೆಕ್ಕ ಮಾಡುತ್ತಿರುತ್ತಾರೆ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ‘ಇವರಿಗೆ ಟೆಕ್ನಿಕಲ್ ಇಂಗ್ಲಿಷ್ ಕಲಿಸಿ ಮೇಡಂ, ಪ್ಲೇಸ್‌ಮೆಂಟಿಗೆ ಆಗಬೇಕು’ ಅಂತಾರೆ. ನನಗೋ ಟಾರ್ಕ್ ಅಂದರೇನು ಅಂತಲೂ ಸರಿಯಾಗಿ ಗೊತ್ತಿಲ್ಲ. ಸಾಮಾನ್ಯ ಇಂಗ್ಲಿಷ್ ಕಲಿಸಲೋ, ಟೆಕ್ನಿಕಲ್ ಇಂಗ್ಲಿಷೋ? ತರಗತಿಯಲ್ಲಿ ಕನ್ನಡ ಮಾತಾಡಬಹುದಾ?

ಉತ್ತರ: ಸಾಮಾನ್ಯ ಇಂಗ್ಲಿಷೇ ಕಲಿಸಿ ಮೇಡಂ. ಕನ್ನಡವನ್ನೂ ಧಾರಾಳವಾಗಿ ಮಾತಾಡಿ. ಟಾರ್ಕ್ ಗೊತ್ತಿಲ್ಲದಿರುವುದು ನಿಮ್ಮ ಕೊರತೆಯಲ್ಲ. ಅದನ್ನೇ ಬಂಡವಾಳ ಮಾಡಿಕೊಳ್ಳಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಈ ಕೆಲಸದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಮೊದಲ ನಾಲ್ಕು ವರ್ಷ ನಾನೂ ನಿಮ್ಮ ಎಚ್‌ಒಡಿ ಹೇಳಿದ್ದನ್ನೇ ಮಾಡಿದೆ. ವಾರಕ್ಕೆ ಇಪ್ಪತ್ತು ಟೆಕ್ನಿಕಲ್ ಪದ, ಅದರ ಅರ್ಥ, ಬೋರ್ಡಿನ ಮೇಲೆ. ಒಂದು ದಿನ ‘ಕಂಡಕ್ಟರ್’, ‘ಇನ್ಸುಲೇಟರ್’ ಬರೆದು ವಿವರಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗ ಬಹಳ ಮರ್ಯಾದೆಯಿಂದ ಎದ್ದು ನಿಂತು, ‘ಸರ್, ಇದು ನಮಗೆ ಗೊತ್ತು. ನೀವು ಹೇಳಿದ್ದರಲ್ಲಿ ಒಂದು ಸ್ವಲ್ಪ ತಪ್ಪಿದೆ’ ಅಂದ. ತಪ್ಪು ಇತ್ತು ಕೂಡ. ಅವತ್ತು ಪದಗಳ ಪಟ್ಟಿ ಮಡಚಿಟ್ಟೆ.

ಯೋಚನೆ ಮಾಡಿ, ಟೆಕ್ನಿಕಲ್ ಪದಗಳು ಅವರಿಗೆ ಎಲ್ಲಿಂದ ಬರುತ್ತವೆ? ಆಯಾ ವಿಷಯದ ಮೇಷ್ಟ್ರಿಂದ, ಚಿತ್ರದ ಜೊತೆ, ಲೆಕ್ಕದ ಜೊತೆ, ಲ್ಯಾಬಿನಲ್ಲಿ ವಸ್ತುವನ್ನೇ ಮುಟ್ಟಿ. ನಮ್ಮ ಹುಡುಗರು ಕನ್ನಡದಲ್ಲಿ ಹರಟೆ ಹೊಡೆಯುವಾಗಲೂ ‘ಕರೆಂಟು’, ‘ವೋಲ್ಟೇಜು’, ‘ಆರೇ’, ‘ಲೂಪು’ ಅಂತಲೇ ಅನ್ನುತ್ತಾರೆ. ಅವು ಅವರ ಪಾಲಿಗೆ ಕನ್ನಡ ಪದಗಳೇ. ಎಡವುವುದು ಬೇರೆ ಕಡೆ.

ಎಲ್ಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮೆಕ್ಯಾನಿಕ್ಸ್ ಪುಸ್ತಕಗಳಲ್ಲೆಲ್ಲಾ ಬರುವ ಏಣಿಯ ಲೆಕ್ಕ. ‘ಎ ಲ್ಯಾಡರ್ ಲೀನ್ಸ್ ಅಗೇನ್ಸ್ಟ್ ಎ ಸ್ಮೂತ್ ವಾಲ್ ಅಂಡ್ ರೆಸ್ಟ್ಸ್ ಆನ್ ಎ ರಫ್ ಫ್ಲೋರ್. ದ ಲ್ಯಾಡರ್ ಈಸ್ ಜಸ್ಟ್ ಅಬೌಟ್ ಟು ಸ್ಲಿಪ್.’ ಇದನ್ನು ಬೋರ್ಡಿನ ಮೇಲೆ ಬರೆದು ಕನ್ನಡದಲ್ಲಿ ಹೇಳಿ ಅಂದೆ. ‘ಲ್ಯಾಡರ್’ ಎಲ್ಲರಿಗೂ ಗೊತ್ತು. ‘ಲೀನ್ಸ್’ ಅಂದರೆ ‘ತೆಳ್ಳಗಿದೆ’ ಅಂದ ಒಬ್ಬ. ‘ರೆಸ್ಟ್’ ಅಂದರೆ ‘ವಿಶ್ರಾಂತಿ ತಗೊಳ್ತಿದೆ’. ಕೊನೆಯ ವಾಕ್ಯಕ್ಕೆ ಒಬ್ಬ ಕೊಟ್ಟ ಉತ್ತರ ನಾನು ಸಾಯುವ ತನಕ ಮರೆಯುವುದಿಲ್ಲ: ‘ಏಣಿ ಸುಮ್ನೆ ಜಾರುವ ಬಗ್ಗೆ.’

ನಗಬೇಡಿ. ‘ಅಬೌಟ್’ ಅಂದರೆ ‘ಬಗ್ಗೆ’, ‘ಜಸ್ಟ್’ ಅಂದರೆ ‘ಸುಮ್ನೆ’ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಅವನು ನೆನಪಿಟ್ಟುಕೊಂಡಿದ್ದಾನೆ. ಆದರೆ ಆ ಲೆಕ್ಕ ನಿಂತಿರುವುದೇ ಆ ಎರಡು ಪದಗಳ ಮೇಲೆ. ‘ಇನ್ನೇನು ಜಾರಬೇಕು’ ಅನ್ನುವ ಸ್ಥಿತಿ ಅದು. ಅಂದರೆ ಘರ್ಷಣೆ ತನ್ನ ಗರಿಷ್ಠ ಮಟ್ಟ ಮುಟ್ಟಿದೆ, ಹಾಗಾಗಿ ಮ್ಯೂ (ಘರ್ಷಣೆಯ ಗುಣಾಂಕ) ಹಾಕಿ ಸೂತ್ರ ಬರೆಯಬಹುದು. ‘ಸ್ಮೂತ್’ ಅಂದರೆ ಗೋಡೆಯ ಕಡೆ ಘರ್ಷಣೆ ಲೆಕ್ಕಕ್ಕಿಲ್ಲ, ‘ರಫ್’ ಅಂದರೆ ನೆಲದ ಕಡೆ ಇದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಮೆಕ್ಯಾನಿಕಲ್ ವಿಭಾಗದ ಗೆಳೆಯರೊಬ್ಬರು, ಕ್ಯಾಂಟೀನಿನಲ್ಲಿ, ಟಿಶ್ಯೂ ಪೇಪರಿನ ಮೇಲೆ ಏಣಿಯ ಚಿತ್ರ ಬರೆದು. ಹುಡುಗನಿಗೆ ಘರ್ಷಣೆಯ ಸೂತ್ರ ಬಾಯಿಪಾಠ ಇತ್ತು. ಅದನ್ನು ಯಾವಾಗ ಹಾಕಬೇಕು ಅಂತ ಹೇಳುವ ಇಂಗ್ಲಿಷ್ ಇರಲಿಲ್ಲ. ಆ ಇಂಗ್ಲಿಷ್ ಟೆಕ್ನಿಕಲ್ಲಾ? ಅಲ್ಲ. ಒರಗು, ಜಾರು, ಇನ್ನೇನು, ನುಣ್ಣಗೆ, ಒರಟು. ಅಡುಗೆಮನೆಯ ಮಾತು.

ಹಾಗಾಗಿ ನಾನು ಪದಗಳನ್ನು ಮೂರು ಪದರಗಳಾಗಿ ನೋಡುತ್ತೇನೆ. ಮೇಲಿನದು ಟಾರ್ಕ್, ಟ್ರಾನ್ಸಿಸ್ಟರ್ ಥರದ್ದು. ಅದನ್ನು ಮುಟ್ಟಬೇಡಿ. ತಳದ್ದು ಎಲ್ಲರೂ ಆಡುವ ಮಾತು. ಮೈಕೆಲ್ ವೆಸ್ಟ್ ಅನ್ನುವವರು 1953ರಲ್ಲಿ ಇಂಥ ಸುಮಾರು 2000 ಪದಗಳ ಪಟ್ಟಿ ಮಾಡಿದ್ದರು. ನಡುವಿನದು ಯಾವ ಬ್ರಾಂಚಿನ ಪುಸ್ತಕ ತೆಗೆದರೂ ಬರುವ ಪದಗಳು: ಅಸ್ಯೂಮ್, ಡಿರೈವ್, ವೇರಿ, ಕಾನ್ಸ್ಟಂಟ್, ಸಿಗ್ನಿಫಿಕೆಂಟ್. ಈ ನಡುವಿನ ಪದರಕ್ಕೆ ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ವೆಸ್ಟ್ ಪಟ್ಟಿಯಲ್ಲಿ ಇರುವುದನ್ನು ಬಿಟ್ಟು, 570 ಪದಕುಟುಂಬಗಳು. ವೇರಿ, ವೇರಿಯಬಲ್, ವೇರಿಯೇಷನ್ ಎಲ್ಲ ಸೇರಿ ಒಂದು ಕುಟುಂಬ. ವಿಶ್ವವಿದ್ಯಾಲಯ ಮಟ್ಟದ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಪದ ಈ ಪಟ್ಟಿಯಿಂದಲೇ ಬರುತ್ತವಂತೆ. ನಿಮ್ಮ ಜಾಗ ಇರುವುದು ಈ ಕೆಳಗಿನ ಎರಡು ಪದರಗಳಲ್ಲಿ. ಬೇರೆ ಯಾವ ಮೇಷ್ಟ್ರೂ ಅಲ್ಲಿಗೆ ಬರುವುದಿಲ್ಲ, ಯಾಕೆಂದರೆ ಎಲ್ಲರೂ ‘ಇಷ್ಟು ಗೊತ್ತಿರುತ್ತೆ ಬಿಡು’ ಅಂದುಕೊಂಡಿರುತ್ತಾರೆ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಸಿಇಟಿ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಇಂಗ್ಲಿಷಿನಲ್ಲಿ ಪಾಸಾದರೆ ಸಾಕು. ಎರಡು ವರ್ಷ ಮನೆಯವರೂ ಮೇಷ್ಟ್ರೂ ‘ಇಂಗ್ಲಿಷ್ ಆಮೇಲೆ ನೋಡ್ಕೊಂಡ್ರಾಯ್ತು’ ಅಂತ ಹೇಳಿ ಕಳಿಸಿದ್ದಾರೆ. ಇಲ್ಲಿಗೆ ಬಂದರೆ ನಿಮ್ಮ ವಿಷಯಕ್ಕೆ ಒಂದೇ ಒಂದು ಕ್ರೆಡಿಟ್. ಲೆಕ್ಕದ ಪ್ರಕಾರ ವಾರಕ್ಕೆ ಒಂದು ಗಂಟೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ ಮೂರು ಕ್ರೆಡಿಟ್ ಇತ್ತು, ಅದರಲ್ಲಿ ವಾರಕ್ಕೆ ಎರಡು ಗಂಟೆ ಪ್ರಾಕ್ಟಿಕಲ್ಲೇ. ನಮಗೆ ಸಿಕ್ಕಿದ್ದು ಒಂದು. ಅಂದಹಾಗೆ ವಿಟಿಯುದಲ್ಲೇ 2018ರ ಸ್ಕೀಮಿನಲ್ಲಿ ಈ ಪೇಪರಿನ ಹೆಸರು ‘ಟೆಕ್ನಿಕಲ್ ಇಂಗ್ಲಿಷ್’ ಅಂತಲೇ ಇತ್ತು. ಆಮೇಲೆ ಹೆಸರು ಬದಲಾಯಿತು. ಬೋರ್ಡು ಬದಲಾದರೂ ಒಳಗೆ ಅದೇ ಆರ್ಟಿಕಲ್ಲು, ಅದೇ ಪ್ರಿಪೊಸಿಷನ್ನು.

ಈಗ ಕನ್ನಡದ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹಟವೇ ಇದೆ.

‘ಟೆಂಪರೇಚರ್ ಇನ್‌ಕ್ರೀಸ್ಡ್ ಟು 20 ಡಿಗ್ರೀಸ್’ ಮತ್ತು ‘ಇನ್‌ಕ್ರೀಸ್ಡ್ ಬೈ 20 ಡಿಗ್ರೀಸ್’, ಈ ಎರಡರ ವ್ಯತ್ಯಾಸ ಕೇಳಿ ನೋಡಿ. ಅರ್ಧ ಕ್ಲಾಸು ಎರಡೂ ಒಂದೇ ಅನ್ನುತ್ತದೆ. ಪ್ರಿಪೊಸಿಷನ್ ಪಾಠ ಮಾಡಿ ಮಾಡಿ ನನಗೆ ಸಾಕಾಗಿತ್ತು. ಒಂದು ದಿನ ಕನ್ನಡದಲ್ಲೇ ಬರೆದೆ: ‘ಉಷ್ಣತೆ 20 ಡಿಗ್ರಿಗೆ ಏರಿತು.’ ‘ಉಷ್ಣತೆ 20 ಡಿಗ್ರಿ ಏರಿತು.’ ಮೊದಲು 60 ಇತ್ತು ಅಂದರೆ ಈಗ ಎಷ್ಟು ಅಂತ ಕೇಳಿದೆ. ಎರಡನೆಯದಕ್ಕೆ ಇಡೀ ಕ್ಲಾಸು ‘80’ ಅಂತ ಕೂಗಿತು. ಮೊದಲನೆಯದಕ್ಕೆ ಒಬ್ಬಳು ‘ಸರ್, 60 ಇದ್ದದ್ದು 20ಕ್ಕೆ ಏರೋಕೆ ಹೇಗೆ ಸಾಧ್ಯ? ಇಳಿಯಬೇಕು’ ಅಂದಳು. ನೋಡಿ, ವ್ಯತ್ಯಾಸ ಅವರ ತಲೆಯಲ್ಲಿ ಮೊದಲೇ ಇದೆ. ‘ಗೆ’ ಅನ್ನುವ ಒಂದು ಅಕ್ಷರದಲ್ಲಿ ಕನ್ನಡ ಆ ಕೆಲಸ ಮುಗಿಸಿಬಿಡುತ್ತದೆ. ‘ಗೆ’ ಇದ್ದ ಕಡೆ ‘ಟು’, ಇಲ್ಲದ ಕಡೆ ‘ಬೈ’ ಅಂದೆ. ಐದು ನಿಮಿಷದ ಪಾಠ. ವೈವಾದಲ್ಲಿ ತಪ್ಪಿದವರು ಆಮೇಲೆ ಬಹಳ ಕಡಿಮೆ.

ಇನ್ನೊಂದು. ‘ಶಲ್’ ಮತ್ತು ‘ಶುಡ್’. ಸಿವಿಲ್ ಹುಡುಗರು ಮುಂದೆ ಕಾಂಕ್ರೀಟಿಗೆ ಐಎಸ್ 456:2000 ಅನ್ನುವ ಕೋಡ್ ಓದುತ್ತಾರೆ. ಅಂಥ ದಾಖಲೆಯಲ್ಲಿ ‘ಶಲ್’ ಇದ್ದರೆ ಮಾಡಲೇಬೇಕು, ‘ಶುಡ್’ ಇದ್ದರೆ ಮಾಡಿದರೆ ಒಳ್ಳೆಯದು, ‘ಮೇ’ ಇದ್ದರೆ ಅನುಮತಿ ಉಂಟು. ನಮ್ಮ ‘ಬೇಕು’ ಮೊದಲ ಎರಡನ್ನೂ ನುಂಗಿಬಿಡುತ್ತದೆ. ಆದರೆ ಸರ್ಕಾರಿ ಕನ್ನಡದಲ್ಲಿ ‘ತಕ್ಕದ್ದು’ ಇದೆಯಲ್ಲ? ‘ಅರ್ಜಿಯನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು.’ ನಾವೆಲ್ಲ ಆಡಿಕೊಂಡು ನಗುವ ಪದ. ‘ಶಲ್’ ಅಂದರೆ ಅದೇ ಅಂತ ಹೇಳಿದಾಗ ತಾಲೂಕು ಆಫೀಸಿಗೆ ಅಪ್ಪನ ಜೊತೆ ಅಲೆದಿದ್ದ ಹುಡುಗರಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಕನ್ನಡದಲ್ಲಿ ಕಥೆ ಹೇಳಿಕೊಂಡು ಗಂಟೆ ಕಳೆಯಿರಿ ಅಂತ ನಾನು ಹೇಳುತ್ತಿಲ್ಲ. ಅರ್ಥ ಕಟ್ಟಲು ಕನ್ನಡ, ಬಳಸಲು ಇಂಗ್ಲಿಷ್. ‘ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ’ ಅನ್ನುವವರು ಇನ್ನೂ ಇದ್ದಾರೆ. ದಂಡ ಹಾಕಿದ ಕ್ಲಾಸಿನಲ್ಲಿ ಇಂಗ್ಲಿಷ್ ಜಾಸ್ತಿ ಆಗುವುದಿಲ್ಲ, ಮೌನ ಜಾಸ್ತಿ ಆಗುತ್ತದೆ. ಸೆಕ್ಷನ್ನಿನಲ್ಲಿ ಉತ್ತರ ಭಾರತದವರೋ ಕೇರಳದವರೋ ಇದ್ದರೆ ಅವರಿಗಾಗಿ ಒಮ್ಮೆ ಇಂಗ್ಲಿಷಿನಲ್ಲಿ ತಿರುಗಿ ಹೇಳಿ. ಅಥವಾ ಪಕ್ಕದಲ್ಲಿ ಕೂತವನಿಗೆ ಹೇಳಲು ಬಿಡಿ. ಅದೂ ಒಂದು ಅಭ್ಯಾಸ ತಾನೆ?

ಇನ್ನು ನಿಮ್ಮ ‘ಟಾರ್ಕ್ ಗೊತ್ತಿಲ್ಲ’ ಅನ್ನುವ ವಿಷಯ.

ಬೆಂಗಳೂರಿನ ಹೆಸರು ಹೊತ್ತ ಒಂದು ಪ್ರಯೋಗ ಭಾಷೆ ಕಲಿಸುವವರ ನಡುವೆ ಜಗತ್ತಿನಲ್ಲೆಲ್ಲ ಪ್ರಸಿದ್ಧ. ನಮ್ಮ ಊರಿನಲ್ಲೇ ಅದರ ನೆನಪು ಕಡಿಮೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದದ್ದು. ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಕರೆಯುತ್ತಾರೆ. ವ್ಯಾಕರಣ ಪಾಠ ಇಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಇಂಥವನ್ನು ಕೊಟ್ಟು ಒಂದು ಸಮಸ್ಯೆ ಬಿಡಿಸಲು ಹೇಳುವುದು. ಮೊದಲು ಮೇಷ್ಟ್ರು ಎಲ್ಲರ ಜೊತೆ ಒಂದನ್ನು ಬಿಡಿಸುತ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳೇ ಬಿಡಿಸುತ್ತಾರೆ. ಗಮನ ಸಮಸ್ಯೆಯ ಮೇಲಿರುತ್ತದೆ, ಇಂಗ್ಲಿಷ್ ಹಿಂದಿನಿಂದ ಬರುತ್ತದೆ. ಪ್ರಭು ಇಂಥ ಕೆಲಸಗಳನ್ನು ಮೂರು ಬಗೆ ಮಾಡಿದರು: ಒಬ್ಬರಿಗೆ ಗೊತ್ತಿರುವುದನ್ನು ಗೊತ್ತಿಲ್ಲದ ಇನ್ನೊಬ್ಬರಿಗೆ ತಿಳಿಸುವುದು, ಕೊಟ್ಟ ಮಾಹಿತಿಯಿಂದ ತರ್ಕ ಮಾಡಿ ಹೊಸದನ್ನು ಕಂಡುಕೊಳ್ಳುವುದು, ಅಭಿಪ್ರಾಯ ಹೇಳುವುದು. ತರಗತಿಗೆ ಹೆಚ್ಚು ಹೊಂದಿದ್ದು ಎರಡನೆಯದು ಅಂತ ಅವರು ಕಂಡುಕೊಂಡರು. ಇಂಜಿನಿಯರಿಂಗ್ ಹುಡುಗರಿಗೆ ತರ್ಕ ಅಂದರೆ ಹಬ್ಬ. ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ಅದನ್ನು ಯಾರೂ ಕೇಳುವುದಿಲ್ಲ.

ನಿಮ್ಮಲ್ಲಿ ಮೊದಲನೆಯ ಬಗೆಯದು ತಾನಾಗಿಯೇ ಸಿದ್ಧವಾಗಿದೆ. ಅವರಿಗೆ ಯಂತ್ರ ಗೊತ್ತು, ನಿಮಗೆ ಗೊತ್ತಿಲ್ಲ. ನೀವು ನಟನೆ ಮಾಡಬೇಕಿಲ್ಲ.

ನನ್ನ ಕ್ಲಾಸಿನಲ್ಲಿ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ಇದ್ದ. ಇಡೀ ಸೆಮಿಸ್ಟರ್ ಬಾಯಿ ಬಿಟ್ಟಿರಲಿಲ್ಲ. ‘ನಿಮ್ಮ ಮನೆಯಲ್ಲಿರುವ ಯಾವುದಾದರೂ ಯಂತ್ರ ನಡೆಸುವುದು ಹೇಗೆ ಅಂತ ಹೇಳಿ’ ಅಂದಾಗ ಅವನು ಬೋರ್‌ವೆಲ್ಲಿನ ಪಂಪ್‌ಸೆಟ್ ಹಿಡಿದ. ಪಕ್ಕಕ್ಕೆ ಜಯನಗರದ ಹುಡುಗನನ್ನು ಕೂರಿಸಿದೆ. ಅವನು ಸ್ಟಾರ್ಟರ್ ಡಬ್ಬಿ ಕಂಡವನೇ ಅಲ್ಲ. ನಿಯಮ ಇಷ್ಟೇ: ಹಳ್ಳಿಯವನು ಇಂಗ್ಲಿಷಿನಲ್ಲಿ ಹೇಳಬೇಕು, ಪೇಟೆಯವನು ಬರೆದುಕೊಂಡು ಒಬ್ಬನೇ ಹೋಗಿ ಮೋಟಾರ್ ಹಾಕುವಂತಿರಬೇಕು. ‘ಪ್ರೆಸ್ ಗ್ರೀನ್ ಬಟನ್’ ತನಕ ಸರಾಗ. ಆಮೇಲೆ ತಡೆದು ನಿಂತ. ‘ಸರ್, ಒಂದು ಫೇಸ್ ಹೋಗಿದ್ರೆ ಮೋಟ್ರು ಗುಂಯ್ ಅಂತದೆ, ತಿರುಗಲ್ಲ. ಹಂಗೇ ಬಿಟ್ರೆ ಸುಟ್ಟೋಗ್ತದೆ. ಗುಂಯ್ ಅನ್ನೋದಕ್ಕೆ ಏನಂತಾರೆ ಸರ್?’

‘ಹಮ್’ ಅಂತ ಬೋರ್ಡಿನ ಮೇಲೆ ಬರೆದೆ. ಅವನಿಗೆ ‘ಸಿಂಗಲ್ ಫೇಸಿಂಗ್’ ಗೊತ್ತಿತ್ತು, ‘ಓವರ್‌ಲೋಡ್ ರಿಲೇ’ ಗೊತ್ತಿತ್ತು. ‘ಹಮ್’ ಗೊತ್ತಿರಲಿಲ್ಲ. ‘ಇಫ್ ಇಟ್ ಹಮ್ಸ್ ಅಂಡ್ ಡಸ್ ನಾಟ್ ಟರ್ನ್, ಸ್ವಿಚ್ ಇಟ್ ಆಫ್ ಅಟ್ ಒನ್ಸ್. ಅದರ್‌ವೈಸ್ ಇಟ್ ವಿಲ್ ಬರ್ನ್ ಔಟ್.’ ಇಷ್ಟು ಬರೆಯಲು ಇಬ್ಬರೂ ಹತ್ತು ನಿಮಿಷ ಒದ್ದಾಡಿದರು. ಪೇಟೆಯವನು ಕೇಳಿದ, ‘ವಾಟ್ ಇಫ್ ಐ ಕಾಂಟ್ ಹಿಯರ್ ಇಟ್? ಮೋಟಾರ್ ಈಸ್ ಇನ್‌ಸೈಡ್ ದ ಬೋರ್‌ವೆಲ್, ನೋ?’ ಒಳ್ಳೆಯ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಹಳ್ಳಿಯವನು ನಕ್ಕು, ‘ಸಿ ದ ಆ್ಯಮೀಟರ್’ ಅಂದ. ಆ ಗಂಟೆಯಲ್ಲಿ ಅವನು ಆಡಿದಷ್ಟು ಇಂಗ್ಲಿಷ್ ಹಿಂದಿನ ಮೂರು ತಿಂಗಳಲ್ಲಿ ಆಡಿರಲಿಲ್ಲ.

66 ಜನರನ್ನು ಹೀಗೆ ಮಾಡಿಸುವುದು ಹೇಗೆ ಅಂತ ಕೇಳುತ್ತೀರಿ. ಜೋಡಿ ಮಾಡಿ, 33 ಜೋಡಿ ಒಟ್ಟಿಗೆ ಮಾತಾಡಲಿ. ಗಲಾಟೆ ಆಗುತ್ತದೆ. ಬಾಗಿಲು ಹಾಕಿಕೊಳ್ಳಿ. ನೀವು ಒಂದು ದಿನಕ್ಕೆ ಆರೇಳು ಜೋಡಿಗಳ ಹತ್ತಿರ ಹೋದರೆ ಸಾಕು.

ತಿದ್ದುವ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಅರ್ಥ ಕೆಡಿಸುವ ತಪ್ಪನ್ನು ಮಾತ್ರ ತಿದ್ದಿ. ‘ಟು’ ಮತ್ತು ‘ಬೈ’ ಅದಲು ಬದಲಾದರೆ ತಿದ್ದಿ. ‘ನಾಟ್’ ಬಿಟ್ಟುಹೋದರೆ ತಿದ್ದಿ. ‘ಡಿಸ್ಕಸ್ ಅಬೌಟ್’ ಅಂದರೆ, ‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್’ ಅಂದರೆ ಬಿಡಿ. ನಿಮ್ಮ ಎಂ.ಎ. ಒಳಗೊಳಗೇ ಸಂಕಟಪಡುತ್ತದೆ, ಗೊತ್ತು. ಆದರೂ ಬಿಡಿ.

ಬರವಣಿಗೆಗೆ ಲ್ಯಾಬ್ ರೆಕಾರ್ಡಿಗಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅದು ಸೀನಿಯರಿನಿಂದ ಜೂನಿಯರಿಗೆ ಆಸ್ತಿಯ ಹಾಗೆ ಇಳಿದುಬರುತ್ತದೆ. ಹಾಗಾಗಿ ನಾನು ರೆಕಾರ್ಡಿನಲ್ಲಿ ಇಲ್ಲದ್ದನ್ನು ಕೇಳುತ್ತಿದ್ದೆ: ಇವತ್ತು ಲ್ಯಾಬಿನಲ್ಲಿ ಏನು ಎಡವಟ್ಟಾಯಿತು, ಐದು ವಾಕ್ಯ. ನೀರಿನ ಗಡಸುತನ ಅಳೆಯುವ ಪ್ರಯೋಗ ನಿಮಗೂ ಕೇಳಿ ಗೊತ್ತಿರಬಹುದು. ಇಡಿಟಿಎ ಅನ್ನುವ ರಾಸಾಯನಿಕವನ್ನು ಹನಿ ಹನಿಯಾಗಿ ಬಿಟ್ಟಾಗ ದ್ರಾವಣದ ಕೆಂಪು ಬಣ್ಣ ನೀಲಿಗೆ ತಿರುಗಬೇಕು. ಒಬ್ಬ ಹುಡುಗಿ ಬರೆದಳು: ‘ಮೈ ಫ್ರೆಂಡ್ ವಾಸ್ ಟಾಕಿಂಗ್ ಟು ಮಿ. ಐ ಆ್ಯಡೆಡ್ ಟೂ ಮಚ್. ಇಟ್ ಬಿಕೇಮ್ ಬ್ಲೂ ಬಿಫೋರ್ ಐ ನೋಟಿಸ್ಡ್. ಐ ವಾಸ್ ಸ್ಕೇರ್ಡ್ ಆಫ್ ಮೇಡಂ. ಐ ಡಿಡ್ ಇಟ್ ಅಗೇನ್.’ ಎಷ್ಟು ಜೀವ ಇದೆ ನೋಡಿ. ಆಮೇಲೆ ಇದನ್ನೇ ರೆಕಾರ್ಡಿನ ಭಾಷೆಗೆ ತಿರುಗಿಸು ಅಂದೆ. ‘ದ ಎಂಡ್ ಪಾಯಿಂಟ್ ವಾಸ್ ಮಿಸ್ಡ್. ದ ಟೈಟ್ರೇಷನ್ ವಾಸ್ ರಿಪೀಟೆಡ್.’ ಗೆಳತಿ ಮಾಯ, ಹೆದರಿಕೆ ಮಾಯ, ‘ನಾನು’ ಕೂಡ ಮಾಯ. ಪ್ಯಾಸಿವ್ ವಾಯ್ಸ್ ಯಾಕಾಗಿ ಇದೆ ಅಂತ ಆ ಹುಡುಗಿಗೆ ನಾನು ಹೇಳಬೇಕಾಗಲಿಲ್ಲ.

ಪರೀಕ್ಷೆ? ಸೆಮಿಸ್ಟರ್ ಕೊನೆಯ ಪರೀಕ್ಷೆ ಬಹು ಆಯ್ಕೆಯದ್ದು. ಫೊನೆಟಿಕ್ಸ್ ಚಿಹ್ನೆಗಳೂ ಪಠ್ಯದಲ್ಲಿವೆ. ಅದಕ್ಕೆ ಕೊನೆಯ ಮೂರು ವಾರ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಪಾಸಾಗುತ್ತಾರೆ. ಮಕ್ಕಳ ಅಂಕ ಹೋಗುವ ಹಾಗೆ ಮಾತ್ರ ಮಾಡಬೇಡಿ, ಆಮೇಲೆ ಯಾರೂ ನಿಮ್ಮನ್ನು ನಂಬುವುದಿಲ್ಲ. ಉಳಿದ 50 ಅಂಕ ಸಿಐಇ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಅಂಕ. ಅದರಲ್ಲಿ ಅಸೈನ್‌ಮೆಂಟ್ ಭಾಗ ನಿಮ್ಮ ಕೈಯಲ್ಲಿದೆ. ಪಂಪ್‌ಸೆಟ್ಟು, ಎಡವಟ್ಟು ಎಲ್ಲ ಅಲ್ಲಿಗೆ ಹಾಕಿ.

ಎಚ್‌ಒಡಿ ಅವರಿಗೆ ಏನು ಹೇಳಬೇಕು? ಜಗಳ ಬೇಡ. ‘ಟೆಕ್ನಿಕಲ್ ಇಂಗ್ಲಿಷೇ ಕಲಿಸುತ್ತಿದ್ದೇನೆ ಸರ್’ ಅನ್ನಿ. ಸುಳ್ಳೇನಲ್ಲ. ಒಂದು ಸಹಾಯವನ್ನೂ ಕೇಳಿ: ಪ್ರತಿ ವಿಭಾಗದಿಂದ ಹಳೆಯ ಪ್ರಶ್ನೆಪತ್ರಿಕೆ, ಬ್ಲೂ ಬುಕ್‌ನಲ್ಲಿ (ಇಂಟರ್ನಲ್ಸ್ ಬರೆಯುವ ಉತ್ತರ ಪುಸ್ತಕ) ಮಕ್ಕಳು ಪ್ರಶ್ನೆಯನ್ನೇ ತಪ್ಪಾಗಿ ಓದಿ ಬರೆದ ಉತ್ತರಗಳು. ‘ಡಿಸ್ಟಿಂಗ್ವಿಶ್’ ಅಂದ ಕಡೆ ಎರಡನ್ನೂ ಬೇರೆ ಬೇರೆ ವಿವರಿಸಿ ಮುಗಿಸಿದ್ದು, ‘ಜಸ್ಟಿಫೈ’ ಅಂದ ಕಡೆ ಡೆಫಿನಿಷನ್ ಬರೆದದ್ದು. ನಿಮಗೆ ಇಡೀ ವರ್ಷಕ್ಕಾಗುವಷ್ಟು ಪಾಠ ಅಲ್ಲೇ ಸಿಗುತ್ತದೆ. ಬೇರೆ ಮೇಷ್ಟ್ರಿಗೂ ತಮ್ಮ ಹುಡುಗರು ಅಂಕ ಕಳೆದುಕೊಳ್ಳುವುದು ಎಲ್ಲಿ ಅಂತ ಗೊತ್ತಾಗುತ್ತದೆ. ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್ನು, ಸೆಲ್ಫ್ ಇಂಟ್ರೊಡಕ್ಷನ್ನು ಎಲ್ಲ ಐದನೇ ಸೆಮಿಸ್ಟರಿನ ಮೇಲೆ ಯಾರಾದರೂ ಟ್ರೇನರ್ ಬಂದು ಮಾಡಿಸುತ್ತಾರೆ, ಆ ಚಿಂತೆ ಈಗ ಬೇಡ. ಸಾಧ್ಯವಾದರೆ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬರುವವರನ್ನು ಕೇಳಿ ಪಡೆಯಿರಿ. ಅವರು ನೇರ ಮೂರನೇ ಸೆಮಿಸ್ಟರಿಗೆ ಬರುವುದರಿಂದ ನಿಮ್ಮ ಕ್ಲಾಸಿನ ಮುಖವನ್ನೇ ನೋಡಿರುವುದಿಲ್ಲ. ಕೈಕೆಲಸದಲ್ಲಿ ಎಲ್ಲರಿಗಿಂತ ಮುಂದೆ, ಹೇಳುವುದರಲ್ಲಿ ಹಿಂದೆ.

ಹಿಂದಿನ ಬೆಂಚಿನ ಮ್ಯಾಥ್ಸ್ ಬಾಕಿ ಉಳಿಯಿತು. ಪುಸ್ತಕ ಕಿತ್ತುಕೊಳ್ಳಬೇಡಿ. ‘ಯಾವ ಲೆಕ್ಕ ಅದು? ಎರಡನೇ ಸಾಲಿನಿಂದ ಮೂರನೇ ಸಾಲಿಗೆ ಹೇಗೆ ಹೋದೆ? ನನಗೆ ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಹೇಳು’ ಅನ್ನಿ. ‘ವಿ ಟೇಕ್ ಎಕ್ಸ್ ಕಾಮನ್’, ‘ಸಿನ್ಸ್ ದಿಸ್ ಈಸ್ ಝೀರೋ’, ‘ದೇರ್‌ಫೋರ್’, ‘ಅನ್‌ಲೆಸ್’ ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಮೊದಲ ಸಲ ಮಾಡುವಾಗ ಮ್ಯಾಥ್ಸ್ ಇಂಟರ್ನಲ್ಸಿನ ಹಿಂದಿನ ದಿನವನ್ನೇ ಆರಿಸಿಕೊಳ್ಳಿ. ಅವತ್ತು ಲೆಕ್ಕ ಬರುವವನ ಸುತ್ತ ಕೂತು ಕೇಳಲು ಇಡೀ ಕ್ಲಾಸು ತಯಾರಿರುತ್ತದೆ.